ಕರೆಯದೆ ಬಂದವರೂ ಗೇಟಿನ ರಿಜಿಸ್ಟರೂ

ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಐದು ನಿಮಿಷ ನಿಂತು ನೋಡಿ. ಸೆಕ್ಯುರಿಟಿ ಕ್ಯಾಬಿನ್ನಿನ ಕಿಟಕಿಯಲ್ಲಿ ಉದ್ದನೆಯ ರಿಜಿಸ್ಟರ್, ಅದಕ್ಕೆ ದಾರ ಕಟ್ಟಿದ ಪೆನ್ನು. ತಾರೀಖು, ಹೆಸರು, ಎಲ್ಲಿಂದ, ಯಾರ ಭೇಟಿಗೆ, ಫ್ಲ್ಯಾಟ್ ನಂಬರ್, ಮೊಬೈಲ್ ನಂಬರ್, ಗಾಡಿ ನಂಬರ್, ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಸಹಿ. ಬರೆಯಲು ಬಗ್ಗಿದವರ ಕಣ್ಣೆದುರೇ ಅವರಿಗಿಂತ ಮುಂಚೆ ಬಂದವರ ವಿವರವೆಲ್ಲ ಹರಡಿಕೊಂಡಿರುತ್ತದೆ. 304ಕ್ಕೆ ಸಂಜೆ ಏಳಕ್ಕೆ ಬಂದವರು ಯಾರು, ಎಷ್ಟು ಹೊತ್ತಿಗೆ ಹೊರಟರು, ಅವರ ಫೋನ್ ನಂಬರ್ ಏನು ಎಂಬುದನ್ನು ಕೊರಿಯರ್ ತಂದವರೂ ಓದಬಹುದು, 305ರವರೂ ಓದಬಹುದು. ತುಂಬಿದ ರಿಜಿಸ್ಟರ್ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ಯಾರಿಗೂ ಗೊತ್ತಿರುವುದಿಲ್ಲ. ಜನರೇಟರ್ ಕೋಣೆಯ ಮೂಲೆಗೋ ರದ್ದಿ ಅಂಗಡಿಗೋ ಹೋಗಿರುತ್ತದೆ.

ಕೂಡಿ ಬಾಳುವ ವಸತಿಗಳಲ್ಲಿ ನಮ್ಮ ಖಾಸಗಿತನಕ್ಕೆ ಕುತ್ತು ಬರುವುದು ಕರೆಯದೆ ಬಂದವರಿಂದ ಎಂದು ನಾವು ನಂಬಿದ್ದೇವೆ. ಅವರನ್ನು ತಡೆಯಲೆಂದು ಗೋಡೆ, ಗೇಟು, ಕ್ಯಾಮೆರಾ, ಕಾವಲಿನ ಏರ್ಪಾಟು ಮಾಡಿಕೊಂಡಿದ್ದೇವೆ. ಈಗ ಆ ಏರ್ಪಾಟೇ ಮನೆಯವರ, ಬಂದವರ, ಕೆಲಸಕ್ಕೆ ಬರುವವರ ಬದುಕಿನೊಳಗೆ ಯಾರೂ ಕರೆಯದೆ ನುಗ್ಗಿದೆ. ಗೇಟಿನಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: ಇವರನ್ನು ಒಳಗೆ ಬಿಟ್ಟುಕೊಳ್ಳಲು ಮನೆಯವರು ಒಪ್ಪಿದ್ದಾರೆಯೇ? ಅದಕ್ಕಿಂತ ಹೆಚ್ಚಿಗೆ ಕೇಳುವ, ಬರೆದಿಡುವ, ತೀರ್ಮಾನ ಕೊಡುವ ಅಧಿಕಾರ ಗೇಟಿಗಿಲ್ಲ, ಗೇಟನ್ನು ನಡೆಸುವ ಕಮಿಟಿಗೂ ಇಲ್ಲ ಎಂಬುದು ನನ್ನ ವಾದ.

ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಮಕ್ಕಳು ಹೊರದೇಶದಲ್ಲಿದ್ದು ಇಬ್ಬರೇ ಉಳಿದಿರುವ ವೃದ್ಧ ದಂಪತಿ, ಒಂಟಿಯಾಗಿರುವ ಹೆಣ್ಣುಮಗಳು, ಶಾಲೆ ಬಿಟ್ಟು ಬಂದು ಅಪ್ಪ ಅಮ್ಮನಿಗಾಗಿ ಕಾಯುವ ಮಗು, ಇವರಿಗೆಲ್ಲ ಬಾಗಿಲ ಗಂಟೆ ಬಾರಿಸುವವರು ಯಾರೆಂದು ಮೊದಲೇ ತಿಳಿಯುವುದು ದೊಡ್ಡ ನೆಮ್ಮದಿ. ಭಯದ ಮಾತು ಬಿಟ್ಟರೂ ಮನೆಯೊಳಗಿರುವವರಿಗೆ ‘ಈಗ ಬೇಡ’ ಎನ್ನುವ ಹಕ್ಕಿದೆ. ಮನೆಯಲ್ಲಿ ಬಾಣಂತಿ ಇರಬಹುದು, ಸೂತಕ ಇರಬಹುದು, ಬರೀ ಆಯಾಸವಿರಬಹುದು. ಕಾರಣ ಹೇಳಬೇಕಾಗಿಲ್ಲ. ಇನ್ಶೂರೆನ್ಸ್ ಮಾರುವವರು, ನೀರಿನ ಫಿಲ್ಟರ್ ತೋರಿಸಲು ಬಂದವರು ಮನೆಮನೆಯ ಗಂಟೆ ಒತ್ತುತ್ತಾ ಹೋಗದಂತೆ ತಡೆಯುವುದು ನ್ಯಾಯವೇ. ಕೆಟ್ಟ ಉದ್ದೇಶದಿಂದ ಒಳನುಗ್ಗುವವರಿಗೆ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು ಶಿಕ್ಷೆ ಇಟ್ಟಿದೆ. ಇದರಲ್ಲಿ ಯಾವುದರ ಬಗೆಗೂ ನನ್ನ ತಕರಾರಿಲ್ಲ.

ಹಳೆಯ ಕಾಲದಲ್ಲಿ ಎಲ್ಲ ಸರಿಯಿತ್ತು ಎನ್ನುವವನೂ ನಾನಲ್ಲ. ಹಳ್ಳಿಯ ಮನೆಗೆ ಜಗಲಿ ಇತ್ತು. ಅಲ್ಲಿ ಕೂತವರು ಮನೆಯೊಳಗೆ ಬಂದ ಹಾಗೂ ಅಲ್ಲ, ಹೊರಗೆ ನಿಂತ ಹಾಗೂ ಅಲ್ಲ. ಬಿಸಿಲಲ್ಲಿ ಬಂದವರಿಗೆ ನೀರು ಬೆಲ್ಲ ಕೊಟ್ಟು ಸುಧಾರಿಸಿಕೊಳ್ಳಲು ಬಿಟ್ಟು ಆಮೇಲೆ ಬಂದ ಕಾರಣ ಕೇಳುತ್ತಿದ್ದರು. ಅದು ಚೆಲುವಾದ ನಡವಳಿಕೆಯೇ. ಆದರೆ ಯಾರು ಜಗಲಿಯ ತನಕ, ಯಾರು ಪಡಸಾಲೆಯ ತನಕ, ಯಾರು ಅಂಗಳದಲ್ಲೇ ನಿಂತು ಮಾತಾಡಿ ಹೋಗಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಜಾತಿ. ಪೇಟೆಗೆ ಬಂದರೆ ವಠಾರ. ಒಂದೇ ನಲ್ಲಿ, ಹಲವು ಸಂಸಾರಕ್ಕೆ ಒಂದೇ ಕಕ್ಕಸು, ತೆಳ್ಳನೆಯ ಗೋಡೆ. ನಿರಂಜನರ ‘ರಂಗಮ್ಮನ ವಠಾರ’ ಕಾದಂಬರಿಯ ಲೋಕ ಅದು. ಅಲ್ಲಿ ಯಾರ ಮನೆಗೆ ಯಾರು ಬಂದರೆಂಬುದು ಎಲ್ಲರಿಗೂ ತಿಳಿಯುತ್ತಿತ್ತು, ಚಾಡಿಯೂ ಹುಟ್ಟುತ್ತಿತ್ತು. ಆದರೂ ಒಂದು ವ್ಯತ್ಯಾಸ ಗಮನಿಸಬೇಕು. ವಠಾರದ ಕಣ್ಣು ಕಂಡದ್ದನ್ನು ನಾಲ್ಕು ದಿನ ಆಡಿಕೊಂಡು ಮರೆಯುತ್ತಿತ್ತು. ಗಂಟೆ ನಿಮಿಷದ ಲೆಕ್ಕದಲ್ಲಿ ಬರೆದಿಡುತ್ತಿರಲಿಲ್ಲ, ಫೋಟೊ ಸಮೇತ ವರ್ಷಗಟ್ಟಲೆ ಕಾಯ್ದಿಡುತ್ತಿರಲಿಲ್ಲ.

ಈಗಿನ ಗೇಟಿಗೆ ಊರಿನಿಂದ ಹೇಳದೆ ಕೇಳದೆ ಬಂದ ಸೋದರತ್ತೆಯನ್ನು ಹೇಗೆ ಬರಮಾಡಿಕೊಳ್ಳಬೇಕೆಂಬುದೇ ಗೊತ್ತಿಲ್ಲ. ಕೈಯಲ್ಲಿ ಹಲಸಿನ ಹಣ್ಣಿನ ಚೀಲ, ಮಗನ ಮದುವೆಯ ಲಗ್ನಪತ್ರಿಕೆ. ಅವರಿಗೆ ಗೊತ್ತಿರುವುದು ಅಣ್ಣನ ಮಗನ ಹೆಸರು, ಅವನು ಬ್ಯಾಂಕಿನಲ್ಲಿದ್ದಾನೆ ಎಂಬುದು. ಟವರ್ ಯಾವುದು, ಫ್ಲ್ಯಾಟ್ ನಂಬರ್ ಎಷ್ಟು ಎಂದು ಕೇಳುವ ಕಾವಲುಗಾರ ಅಸ್ಸಾಮಿನವನೋ ಒಡಿಶಾದವನೋ ಆಗಿರುತ್ತಾನೆ, ಅವನ ಹಿಂದಿ ಇವರಿಗೆ ತಿಳಿಯದು, ಇವರ ಕನ್ನಡ ಅವನಿಗೆ ತಿಳಿಯದು. ತಪ್ಪು ಅವನದಲ್ಲ. ಹನ್ನೆರಡು ಗಂಟೆಯ ಪಾಳಿಯಲ್ಲಿ ದುಡಿಯುವ ಅವನಿಗೆ ಯಾರನ್ನಾದರೂ ಕೇಳದೆ ಬಿಟ್ಟರೆ ಸಂಬಳಕ್ಕೆ ಕುತ್ತು. ಅರ್ಧ ಗಂಟೆ ಬಿಸಿಲಲ್ಲಿ ನಿಂತ ಆ ಹಿರಿಯರು ಮುಂದಿನ ಸಲ ಬರುವುದಿಲ್ಲ. ಅರಿಶಿನ ಕುಂಕುಮ ಇಟ್ಟು, ಮನೆಗೇ ಬಂದು ಕರೆಯಬೇಕೆಂಬ ನಮ್ಮ ಪದ್ಧತಿ ಈಗ ವಾಟ್ಸ್‌ಆ್ಯಪ್‌ನಲ್ಲಿ ಬರುವ ಪತ್ರಿಕೆಗೆ ಇಳಿದಿದೆ. ಅದಕ್ಕೆ ಟ್ರಾಫಿಕ್ಕೂ ಕಾರಣ, ಬಿಡುವಿಲ್ಲದಿರುವುದೂ ಕಾರಣ, ಗೇಟಿನ ಪಾಲೂ ಇದೆ. ಬಂದವರಿಗೆ ಒಂದು ಬೆಂಚು, ನೆರಳು, ನೀರಿನ ಕ್ಯಾನು ಗೇಟಿನ ಒಳಮಗ್ಗುಲಲ್ಲಿ ಇಡುವುದು ಯಾವ ಭದ್ರತೆಗೂ ಅಡ್ಡಿಯಲ್ಲ.

ಇನ್ನು ಕಮಿಟಿಯ ಮಾತು. ಬೆಂಗಳೂರಿನ ಕೆಲವು ಸೊಸೈಟಿಗಳ ಸುತ್ತೋಲೆಗಳು ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲೇ ಸುದ್ದಿಯಾದವು. ಬಾಡಿಗೆಗಿರುವ ಬ್ಯಾಚುಲರ್‌ಗಳ ಮನೆಗೆ ರಾತ್ರಿ ಹತ್ತರ ಮೇಲೆ ಅತಿಥಿಗಳು ಬರಕೂಡದು, ಯಾರಾದರೂ ರಾತ್ರಿ ಉಳಿಯುವುದಾದರೆ ಮುಂಚಿತವಾಗಿ ಬರೆದು ಅನುಮತಿ ಪಡೆಯಬೇಕು, ತಪ್ಪಿದರೆ ದಂಡ. ಪಿ.ಜಿ.ಗಳಲ್ಲಂತೂ ಇದು ಮೊದಲಿನಿಂದ ಇದೆ. ಈ ನಿಯಮಗಳು ಮಾಲೀಕರಿಗೆ ಅನ್ವಯಿಸುವುದಿಲ್ಲ. ಮಾಲೀಕರ ಮನೆಗೆ ನಡುರಾತ್ರಿ ಬರುವ ಭಾವಮೈದುನನನ್ನು ಯಾರೂ ತಡೆಯುವುದಿಲ್ಲ. ಬಾಡಿಗೆಯ ಹುಡುಗಿಯ ಸಹೋದ್ಯೋಗಿ ಬಂದರೆ ಕೆಳಗಿನಿಂದ ಫೋನು, ಮರುದಿನ ಲಿಫ್ಟಿನಲ್ಲಿ ನೋಟ, ಆಮೇಲೆ ಮನೆ ಮಾಲೀಕರಿಗೆ ದೂರು. ಕೇಳಿದರೆ ‘ಗಲಾಟೆ ಆಗುತ್ತದೆ’ ಎಂಬ ಉತ್ತರ. ಗಲಾಟೆ ಆದರೆ ಗಲಾಟೆಯ ಮೇಲೆ ಕ್ರಮ ಕೈಗೊಳ್ಳಿ. ಅದು ಮಾಲೀಕರ ಮನೆಯ ಹುಟ್ಟುಹಬ್ಬದ ಸ್ಪೀಕರ್‌ಗೂ ಅನ್ವಯಿಸಲಿ. ಬಂದವರ ಲಿಂಗ, ವಯಸ್ಸು, ಸಂಬಂಧ ಕೇಳಿ ಒಳಬಿಡುವುದು ಶಬ್ದ ನಿಯಂತ್ರಣವಲ್ಲ, ನಡತೆಯ ಕಾವಲು.

‘ಬಹುಮತದಿಂದ ಮಾಡಿದ ನಿಯಮ, ಒಪ್ಪದವರು ಸ್ವಂತ ಸೈಟಿನಲ್ಲಿ ಮನೆ ಕಟ್ಟಿಕೊಳ್ಳಲಿ’ ಎಂಬ ವಾದ ಪ್ರತಿ ಸಭೆಯಲ್ಲೂ ಬರುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಸಂಘಕ್ಕೆ ವಹಿಸಿರುವುದು ಮುಖ್ಯವಾಗಿ ಸಾಮಾನ್ಯ ಪ್ರದೇಶಗಳ ಆಡಳಿತ, ನಿರ್ವಹಣೆ, ಖರ್ಚಿನ ಹಂಚಿಕೆ. ಮೆಟ್ಟಿಲು, ಲಿಫ್ಟು, ಪಾರ್ಕಿಂಗ್, ನೀರಿನ ಟ್ಯಾಂಕು, ತೋಟ ಇವುಗಳ ಮೇಲೆ ಬಹುಮತ ನಡೆಯಬೇಕು, ನಡೆಯಲಿ. ಒಬ್ಬರ ಬಳಕೆಯಿಂದ ಇನ್ನೊಬ್ಬರಿಗೆ ತೊಂದರೆಯಾಗದಂತೆ ಬೈಲಾ ಮಾಡಲಿ. ನನ್ನ ಮನೆಯ ಊಟದ ಮೇಜಿಗೆ ಯಾರು ಬಂದು ಕೂರಬೇಕೆಂಬುದು ಮತಕ್ಕೆ ಹಾಕುವ ವಿಷಯವೇ ಅಲ್ಲ.

ಇಲ್ಲಿ ಒಂದು ಹಳೆಯ ಮೊಕದ್ದಮೆಯನ್ನು ನೆನೆಯಬೇಕು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಮೇಲೆ ಡಕಾಯಿತಿಯ ಆರೋಪ ಬಂದು, ಸಾಕ್ಷ್ಯವಿಲ್ಲವೆಂದು ಬಿಡುಗಡೆಯಾಗಿತ್ತು. ಆದರೂ ಪೊಲೀಸರು ಅವರ ಹೆಸರಿನಲ್ಲಿ ಹಿಸ್ಟರಿ ಶೀಟ್ ತೆರೆದು, ರಾತ್ರಿ ಹೊತ್ತು ಮನೆಗೆ ಬಂದು ಬಾಗಿಲು ತಟ್ಟುತ್ತಿದ್ದರು. ಆ ರಾಜ್ಯದ ಪೊಲೀಸ್ ನಿಯಮಾವಳಿಯ 236ನೇ ನಿಯಮ ಕಣ್ಗಾವಲೆಂದರೆ ಏನೇನು ಎಂದು ಪಟ್ಟಿ ಮಾಡಿತ್ತು. ಮನೆಯನ್ನೂ ಮನೆಗೆ ಬರುವ ದಾರಿಯನ್ನೂ ಗುಟ್ಟಾಗಿ ಕಾಯುವುದು, ರಾತ್ರಿ ಮನೆಗೆ ಭೇಟಿ ಕೊಡುವುದು, ಕಾನ್‌ಸ್ಟೆಬಲ್‌ಗಳೂ ಚೌಕಿದಾರರೂ ಆತನ ಓಡಾಟ, ಮನೆಯಲ್ಲಿಲ್ಲದ ಹೊತ್ತು ಎಲ್ಲವನ್ನೂ ವರದಿ ಮಾಡುವುದು, ಸಿಕ್ಕ ಮಾಹಿತಿಯನ್ನು ಹಿಸ್ಟರಿ ಶೀಟಿನಲ್ಲಿ ದಾಖಲಿಸುವುದು. 1962ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾತ್ರಿಯ ಭೇಟಿಯನ್ನು ಮಾತ್ರ ಅಸಾಂವಿಧಾನಿಕ ಎಂದಿತು. ಉಳಿದ ಕಣ್ಗಾವಲು ನಡೆಯಬಹುದು, ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿಲ್ಲ ಎಂದು ಬಹುಮತದ ತೀರ್ಪು ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ, ಇಡೀ ನಿಯಮವೇ ಬಿದ್ದುಹೋಗಬೇಕೆಂದು ಭಿನ್ನಮತ ಬರೆದರು.

ಆ ಭಿನ್ನಮತ ಗೆಲ್ಲಲು 55 ವರ್ಷ ಬೇಕಾಯಿತು. ಗೆಲ್ಲಿಸಿದ ಅರ್ಜಿ ಕರ್ನಾಟಕದವರದು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಪ್ರಶ್ನಿಸಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಸಲ್ಲಿಸಿದ ಅರ್ಜಿಯಿಂದ ಹುಟ್ಟಿದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದ ಉತ್ತರ ಕೊಟ್ಟಿತು: ಖಾಸಗಿತನ ಮೂಲಭೂತ ಹಕ್ಕು. ಆ ತೀರ್ಪಿನ ಒಂದು ವಿಚಾರ ಗೇಟಿಗೆ ನೇರವಾಗಿ ತಟ್ಟುತ್ತದೆ. ಖಾಸಗಿತನ ಅಂಟಿಕೊಂಡಿರುವುದು ಜಾಗಕ್ಕಲ್ಲ, ಮನುಷ್ಯರಿಗೆ. ಮನೆಯಿಂದ ಹೊರಗೆ ಕಾಲಿಟ್ಟ ಮಾತ್ರಕ್ಕೆ, ಇನ್ನೊಬ್ಬರ ಗೇಟಿನ ಮುಂದೆ ನಿಂತ ಮಾತ್ರಕ್ಕೆ ಅದು ಕಳಚಿ ಬೀಳುವುದಿಲ್ಲ.

ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧ ಕೊಟ್ಟ ರಕ್ಷಣೆ, ಅಪಾರ್ಟ್‌ಮೆಂಟ್ ಸಂಘ ಸರ್ಕಾರವಲ್ಲ ಎಂದು ಕಾನೂನು ಬಲ್ಲವರು ಹೇಳುತ್ತಾರೆ. ಸರಿ. ಆದರೆ 236ನೇ ನಿಯಮದ ಪಟ್ಟಿಯನ್ನು ಇನ್ನೊಮ್ಮೆ ಓದಿ. ಮನೆಗೆ ಬರುವ ದಾರಿಯ ಕಾವಲು, ಚೌಕಿದಾರರ ವರದಿ, ಓಡಾಟದ ದಾಖಲೆ. ಆ ಕಾಲದ ಪೊಲೀಸರು ಸಂಶಯವಿದ್ದವರ ಮೇಲೆ ಮಾತ್ರ ಇಡುತ್ತಿದ್ದ ಕಣ್ಣನ್ನು ನಾವು ತಿಂಗಳ ಮೇಂಟೆನೆನ್ಸ್ ಹಣ ಕೊಟ್ಟು ಎಲ್ಲರ ಮೇಲೂ ಇಟ್ಟಿದ್ದೇವೆ. ಪೊಲೀಸರಿಗೆ ಸಲ್ಲದ ಕೆಲಸ ನೆರೆಯವರಿಗೆ ಸಲ್ಲುವುದು ಹೇಗೆ ಎಂದು ಪ್ರತಿ ಸಂಘವೂ ಕೇಳಿಕೊಳ್ಳಬೇಕು.

ಈ ಕಣ್ಣು ಎಲ್ಲಕ್ಕಿಂತ ಗಡುಸಾಗಿ ಬೀಳುವುದು ಮನೆಗೆಲಸದ ಹೆಂಗಸರ ಮೇಲೆ. ಅವರು ಕರೆಯದೆ ಬಂದವರಲ್ಲ, ಕರೆದು ಕೆಲಸ ಕೊಟ್ಟಿರುವವರು ನಾವೇ. ಆದರೂ ಪ್ರತಿದಿನ ಹೊಸದಾಗಿ ಅನುಮಾನಿಸಲ್ಪಡುವವರು ಅವರೇ. ಬೆಳಿಗ್ಗೆ ಗೇಟಿನಲ್ಲಿ ತಮ್ಮ ಕೋಡ್ ಹೇಳಬೇಕು, ಕೆಲವು ಕಡೆ ಮುಖ ತೋರಿಸಬೇಕು. ಎಷ್ಟು ಹೊತ್ತಿಗೆ ಒಳಗೆ ಬಂದರು, ಯಾವ ಯಾವ ಫ್ಲ್ಯಾಟಿನಲ್ಲಿ ಕೆಲಸ, ಈ ತಿಂಗಳು ಎಷ್ಟು ದಿನ ಬಂದರು, ಕೆಲಸಕ್ಕೆ ಎಷ್ಟು ಸ್ಟಾರು, ಎಲ್ಲ ಗೇಟಿನ ಆ್ಯಪ್‌ನಲ್ಲಿ ಕಾಣುವ ಏರ್ಪಾಟು ಅನೇಕ ಕಡೆ ಇದೆ. ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳದ ಮನೆಯವರಿಗೂ ಕಾಣುತ್ತದೆ. ತಮ್ಮ ಬಗ್ಗೆ ಏನು ಬರೆದಿದೆ ಎಂದು ನೋಡುವ ದಾರಿ ಅವರಿಗೆ ಮಾತ್ರ ಇಲ್ಲ.

ಸಂಜೆ ಹೊರಗೆ ಹೋಗುವಾಗಿನ ತಪಾಸಣೆಯನ್ನು ಹತ್ತಿರದಿಂದ ಕಂಡವರಿಗೆ ಇದರ ನೋವು ಗೊತ್ತು. ದೀಪಾವಳಿಯ ಹಿಂದಿನ ದಿನ. ಚೀಲ ಬಿಚ್ಚಿಸಿದ ಕಾವಲುಗಾರನಿಗೆ ಮಡಿಸಿದ ಸೀರೆ ಕಾಣುತ್ತದೆ, ಕೆಳಗೆ ಸ್ಟೀಲ್ ಡಬ್ಬಿಯಲ್ಲಿ ಕಜ್ಜಾಯ. ಗೇಟ್ ಪಾಸ್ ಇಲ್ಲ. ಹಿಂದೆ ಸ್ಕೂಟರು, ಕಾರು ಸಾಲುಗಟ್ಟಿವೆ. ಅವನು ಇಂಟರ್‌ಕಾಮ್ ಎತ್ತಿ, ಎಲ್ಲರಿಗೂ ಕೇಳುವಂತೆ ‘ಮೇಡಂ, ಸೀರೆ ನೀವೇ ಕೊಟ್ಟಿದ್ದಾ?’ ಎನ್ನುತ್ತಾನೆ. ‘ಹೌದು, ಕಳಿಸಪ್ಪ’ ಎಂಬ ಉತ್ತರ ಬರುವ ತನಕ ಆಕೆ ಚೀಲ ಬಿಚ್ಚಿಕೊಂಡು ನಿಂತಿರಬೇಕು. ಮೇಡಂ ಸ್ನಾನಕ್ಕೆ ಹೋಗಿದ್ದರೆ ಇನ್ನೂ ಹೊತ್ತು. ಹಬ್ಬದ ಉಡುಗೊರೆ ಎಲ್ಲರೆದುರು ಕಳವಿನ ಮಾಲಾಗಿ ಬಿಡುತ್ತದೆ. ಕಾರಿನ ಡಿಕ್ಕಿಯಲ್ಲಿ ಹೊರಗೆ ಹೋಗುವ ಯಾವ ಸಾಮಾನನ್ನೂ ಯಾರೂ ಬಿಚ್ಚಿಸುವುದಿಲ್ಲ.

ಕೆಲಸದವರಿಗೆ ಬೇರೆ ಲಿಫ್ಟು, ಪಾರ್ಕಿನ ಬೆಂಚಿನಲ್ಲಿ ಕೂರಬಾರದೆಂಬ ಸೂಚನೆ, ಇವೂ ಸುದ್ದಿಯಾಗಿವೆ. ಅಂಗಳದಲ್ಲೇ ನಿಲ್ಲಿಸುತ್ತಿದ್ದ ಹಳೆಯ ಪದ್ಧತಿಗೆ ‘ಸರ್ವಿಸ್’ ಎಂಬ ಬೋರ್ಡು ಬಿದ್ದಿದೆ, ಅಷ್ಟೇ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು 2004ರಷ್ಟು ಹಿಂದೆಯೇ ನಿಗದಿಪಡಿಸಿದ ರಾಜ್ಯ ನಮ್ಮದು. ಅಂಥ ರಾಜ್ಯದಲ್ಲಿ ಅದೇ ಹೆಂಗಸಿನ ಬಗ್ಗೆ ಯಾರು ಎಷ್ಟು ಮಾಹಿತಿ ಕೂಡಿಹಾಕಬಹುದು ಎಂಬುದಕ್ಕೆ ಗೇಟಿನಲ್ಲಿ ಮಿತಿಯೇ ಇಲ್ಲ. ಆಧಾರ್ ಕಾರ್ಡಿನ ಜೆರಾಕ್ಸ್ ಕೊಡದಿದ್ದರೆ ಒಳಗೆ ಬಿಡುವುದಿಲ್ಲ ಎನ್ನುವ ಕಮಿಟಿಗಳಿಗೆ ಒಂದು ಮಾತು ನೆನಪಿರಲಿ: ಖಾಸಗಿಯವರು ಆಧಾರ್ ಬಳಸಲು ದಾರಿ ಮಾಡಿಕೊಟ್ಟಿದ್ದ ಆಧಾರ್ ಕಾಯ್ದೆಯ 57ನೇ ಕಲಮಿನ ಭಾಗವನ್ನು 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದೆ.

ಆ್ಯಪ್ ಬಂದದ್ದರಿಂದ ಒಳಿತೂ ಆಗಿದೆ, ಅದನ್ನು ಒಪ್ಪಬೇಕು. ಬೆಂಗಳೂರಿನಲ್ಲೇ 2016ರಲ್ಲಿ ಶುರುವಾದ ಮೈಗೇಟ್‌ನಂಥವು ಬಂದ ಮೇಲೆ ‘ಬಿಡಲೋ ಬೇಡವೋ’ ಎಂಬ ಪ್ರಶ್ನೆ ನೇರವಾಗಿ ಮನೆಯವರ ಫೋನಿಗೆ ಬರುತ್ತದೆ. ತೀರ್ಮಾನ ಇರಬೇಕಾದ ಜಾಗವೇ ಅದು. ಮುಂಚೆ ಬಂದವರ ನಂಬರನ್ನು ಆಮೇಲೆ ಬಂದವರು ಓದಲಾಗುವುದಿಲ್ಲ. ತೊಂದರೆ ಇರುವುದು ಕೇಳಿದ ಮೇಲೆ ಉಳಿಯುವ ದಾಖಲೆಯಲ್ಲಿ. ವೈದ್ಯರು ವಾರಕ್ಕೆರಡು ಸಲ ಬರುತ್ತಿದ್ದಾರೆ, ವಕೀಲರು ಬಂದು ಹೋದರು, ಗಂಡ ತಿಂಗಳಿಂದ ಒಳಗೆ ಬಂದಿಲ್ಲ, ಇಂಥ ಸಂಸಾರದ ಗುಟ್ಟುಗಳನ್ನೆಲ್ಲ ಗೇಟಿನ ದಾಖಲೆಯೊಂದರಿಂದಲೇ ಓದಿಬಿಡಬಹುದು. ಕಮಿಟಿಯಲ್ಲಿ ಯಾರಿಗೆ ಅದನ್ನು ತೆರೆದು ನೋಡುವ ಅವಕಾಶವಿದೆ ಎಂದು ನಿವಾಸಿಗಳಲ್ಲಿ ಹೆಚ್ಚಿನವರು ಕೇಳಿಯೇ ಇರುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಾಹಿತಿ ಯಾಕೆ ಬೇಕೆಂದು ಮೊದಲು ತಿಳಿಸಬೇಕು, ಒಪ್ಪಿಗೆ ಪಡೆಯಬೇಕು, ಉದ್ದೇಶ ಮುಗಿದ ಮೇಲೆ ಅಳಿಸಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಕರ್ತವ್ಯಗಳು ಜಾರಿಗೆ ಬರಲು 18 ತಿಂಗಳ ಅವಧಿ ಕೊಟ್ಟಿದ್ದಾರೆ. ವ್ಯಕ್ತಿಗಳ ಸಂಘವೂ ಕಾಯ್ದೆಯ ವ್ಯಾಪ್ತಿಯಲ್ಲಿದೆ, ಆದ್ದರಿಂದ ‘ನಾವು ಕಂಪನಿಯಲ್ಲ’ ಎಂದು ಅಸೋಸಿಯೇಷನ್ ಕೈ ತೊಳೆದುಕೊಳ್ಳುವಂತಿಲ್ಲ. ಆದರೆ ಕಾಯ್ದೆ ಕಾಯುವುದು ಡಿಜಿಟಲ್ ರೂಪದ ಮಾಹಿತಿಯನ್ನು, ಅಥವಾ ಆಮೇಲೆ ಡಿಜಿಟಲ್ ಮಾಡಿದ್ದನ್ನು. ಕಿಟಕಿಯಲ್ಲಿ ತೆರೆದಿಟ್ಟ ಆ ಕಾಗದದ ರಿಜಿಸ್ಟರಿಗೆ ಅದು ಅನ್ವಯಿಸದು. ಅದನ್ನು ಸರಿಪಡಿಸಬೇಕಾದವರು ನಾವೇ.

ಕ್ಯಾಮೆರಾದ ವಿಷಯವೂ ಹೀಗೆಯೇ. ಗೇಟಿನಲ್ಲಿ, ಪಾರ್ಕಿಂಗಿನಲ್ಲಿ ಇರಲಿ. ಎದುರು ಮನೆಯ ಬಾಗಿಲು ತೆರೆದಾಗಲೆಲ್ಲ ಅವರ ಹಾಲ್ ಕಾಣುವಂತೆ ಡೋರ್‌ಬೆಲ್ ಕ್ಯಾಮೆರಾ ಹಾಕಿಕೊಳ್ಳುವುದು ಸಲ್ಲದು. ಒಂದೇ ಮನೆಯಲ್ಲಿರುವವರ ನಡುವಿನ ವ್ಯಾಜ್ಯದಲ್ಲೂ, ಜೊತೆಗಿರುವವರ ಒಪ್ಪಿಗೆಯಿಲ್ಲದೆ ವಾಸದ ಜಾಗದಲ್ಲಿ ಸಿಸಿಟಿವಿ ನಡೆಸುವಂತಿಲ್ಲವೆಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು.

ಗೇಟು ತಡೆಯಬಾರದ, ಆದರೂ ತಡೆಯುವ ಒಂದು ವರ್ಗವಿದೆ. ಸಾರ್ವಜನಿಕ ಕೆಲಸದ ಮೇಲೆ ಬರುವವರು. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ 60 ಪ್ರಶ್ನೆಗಳನ್ನು ಹಿಡಿದು ಮನೆಮನೆಗೆ ಹೊರಟವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರು. ಬೆಂಗಳೂರಿನಲ್ಲಿ ಎಷ್ಟೋ ಅಪಾರ್ಟ್‌ಮೆಂಟುಗಳ ಗೇಟಿನಲ್ಲೇ ಅವರ ಕೆಲಸ ನಿಂತಿತು. ಹೈಕೋರ್ಟ್ ಆಗ ಎರಡು ಮಾತು ಹೇಳಿತ್ತು: ಮಾಹಿತಿ ಕೊಡುವುದು ಜನರ ಇಚ್ಛೆ, ಕೊಟ್ಟ ಮಾಹಿತಿ ಗೋಪ್ಯವಾಗಿರಬೇಕು. ಉತ್ತರಿಸುವುದಿಲ್ಲ ಎನ್ನುವ ಹಕ್ಕು ಮನೆಯವರಿಗಿತ್ತು. ಎಲ್ಲ ಮನೆಗಳ ಪರವಾಗಿ ‘ಬೇಡ’ ಎನ್ನುವ ಹಕ್ಕು ಗೇಟಿಗಿರಲಿಲ್ಲ. ಹೇಳಬೇಕೆಂದಿದ್ದವರ ಬಾಯನ್ನೂ ಅದು ಕಟ್ಟಿತು.

ಜನಗಣತಿಯಲ್ಲಂತೂ ಉತ್ತರಿಸುವುದು ಕರ್ತವ್ಯ. 1948ರ ಜನಗಣತಿ ಕಾಯ್ದೆಯನ್ನು ಓದಿದರೆ ಕರೆಯದೆ ಬರುವವರನ್ನು ಹೇಗೆ ಒಳಗೆ ಬಿಡಬೇಕು, ಬಂದವರು ಹೇಗೆ ನಡೆದುಕೊಳ್ಳಬೇಕು ಎಂಬ ವಿವೇಕ ಅದರಲ್ಲಿದೆ. ಗಣತಿದಾರರಿಗೆ ಮನೆಯವರು ಪ್ರವೇಶ ಕೊಡಬೇಕು, ಆದರೆ ದೇಶದ ರೂಢಿಗೆ ತಕ್ಕ ಮಟ್ಟಿಗೆ, ಕೆಲಸಕ್ಕೆ ಬೇಕಾದಷ್ಟು ಮಾತ್ರ. ಗಂಡನ ಹೆಸರು ಹೇಳಬಾರದೆಂಬ ಸಂಪ್ರದಾಯವಿರುವ ಹೆಂಗಸನ್ನು ಅದನ್ನು ಹೇಳುವಂತೆ ಒತ್ತಾಯಿಸುವಂತಿಲ್ಲ. ಬರೆದುಕೊಂಡ ದಾಖಲೆಯನ್ನು ಬೇರೆಯವರು ನೋಡುವಂತಿಲ್ಲ. ಬೇಕಾದಷ್ಟೇ ಕೇಳು, ಮರ್ಯಾದೆ ಉಳಿಸು, ಕೇಳಿದ್ದನ್ನು ಮುಚ್ಚಿಡು. ಮುಕ್ಕಾಲು ಶತಮಾನದ ಹಿಂದೆ ಸರ್ಕಾರ ತನಗೆ ಹಾಕಿಕೊಂಡ ಈ ಕಟ್ಟುಪಾಡು ಇನ್ನೂರು ಮನೆಯ ಸೊಸೈಟಿಗೆ ಭಾರವಾಗಬಾರದು.

1972ರ ಕಾಯ್ದೆಯ ಬದಲಿಗೆ ಅಪಾರ್ಟ್‌ಮೆಂಟುಗಳಿಗೆ ಹೊಸ ಕಾನೂನು ತರುವ ಪ್ರಯತ್ನ ರಾಜ್ಯದಲ್ಲಿ ನಡೆದಿದೆ. ನಿವಾಸಿಗಳ ಒಕ್ಕೂಟಗಳು ಒಡೆತನ, ನೋಂದಣಿ, ಬಿಲ್ಡರ್ ಹಸ್ತಾಂತರದ ಬಗ್ಗೆ ಮಾತಾಡುತ್ತಿವೆ. ಬಂದವರ ಮಾಹಿತಿ, ಬಾಡಿಗೆದಾರರ ಅತಿಥಿಗಳು, ಕೆಲಸದವರ ತಪಾಸಣೆ ಇವುಗಳ ಬಗ್ಗೆಯೂ ಬೇಡಿಕೆ ಇಡಬೇಕು. ಕಾನೂನು ಬರುವ ತನಕ ಕಾಯಬೇಕಾಗಿಯೂ ಇಲ್ಲ. ರಿಜಿಸ್ಟರಿನಿಂದ ಮೊಬೈಲ್ ನಂಬರಿನ ಕಾಲಂ ತೆಗೆಯಬಹುದು, ಒಬ್ಬರಿಗೆ ಒಂದು ಚೀಟಿಯಂತೆ ಬರೆಸಿ ತಿಂಗಳು ಕಳೆದ ಮೇಲೆ ಹರಿದು ಹಾಕಬಹುದು. ಅತಿಥಿಗಳ ವಿಷಯದಲ್ಲಿ ಮಾಲೀಕರಿಗೊಂದು ಬಾಡಿಗೆದಾರರಿಗೊಂದು ನಿಯಮ ಇಲ್ಲವೆಂದು ಬರೆದು ನೋಟಿಸ್ ಬೋರ್ಡಿಗೆ ಹಾಕಬಹುದು. ಚೀಲ ಬಿಚ್ಚಿಸುವುದನ್ನು ನಿಲ್ಲಿಸಬಹುದು. ಇದಕ್ಕೆಲ್ಲ ಸಾಮಾನ್ಯ ಸಭೆಯ ಒಂದು ನಿರ್ಣಯ ಸಾಕು. ಟ್ಯಾಂಕರ್ ನೀರಿಗೆ, ಪಾರ್ಕಿಂಗ್ ಜಗಳಕ್ಕೆ ಎರಡೆರಡು ಗಂಟೆ ಕೊಡುವ ನಿಮ್ಮ ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಇದನ್ನೂ ಸೇರಿಸಿ. ಆ ಸಭೆಗೆ ಬಾಡಿಗೆದಾರರನ್ನು ಕರೆಯಿರಿ, ಗೇಟಿನ ಕಾವಲುಗಾರರನ್ನೂ ಮನೆಗೆಲಸದವರನ್ನೂ ಕರೆದು ಕೂರಿಸಿ ಅವರ ಮಾತು ಕೇಳಿ.